ಅರಬೈಲ್ ಘಾಟಿ ಮತ್ತು ನಮ್ಮ 207ರ ರೇಡಿಯೇಟರ್

ನಮ್ಮ ಪಿಕಪ್ 2008ರ ಟಾಟಾ 207 ಡಿಐ. ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಓಡುತ್ತದೆ. ಅಣ್ಣನೂ ನಾನೂ ಸೇರಿ ಸೆಕೆಂಡ್‌ಹ್ಯಾಂಡ್ ಕೊಂಡಿದ್ದು. ಮೆಣಸಿನಕಾಯಿ ಸೀಜನ್ನಿನಲ್ಲಿ ಬ್ಯಾಡಗಿ ಮಾರ್ಕೆಟ್ಟಿಗೆ ಚೀಲ ಹೊರುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ಅಣ್ಣಿಗೇರಿ, ಗದಗ ಕಡೆಯ ಹೊಲಗಳಿಂದ ಜಿನ್ನಿಂಗ್ ಫ್ಯಾಕ್ಟರಿಗೆ ಹತ್ತಿ. ಉಳಿದಂತೆ ಅಂಕೋಲಾ ಲೈನು. ಹೋಗುವಾಗ ಉಳ್ಳಾಗಡ್ಡಿ, ಕಾಯಿಪಲ್ಯೆ. ಬರುವಾಗ ತೆಂಗಿನಕಾಯಿ.

ಸಪಾಟು ರಸ್ತೆಯಲ್ಲಿ ಗಾಡಿಯದ್ದು ಏನೂ ತಕರಾರಿಲ್ಲ. ಅಮರಗೋಳ ಎಪಿಎಂಸಿಯಲ್ಲಿ ಇಂಜಿನ್ ಚಾಲೂ ಇಟ್ಟು ಎಷ್ಟು ಹೊತ್ತು ನಿಂತರೂ ಹೀಟ್ ಮುಳ್ಳು ಅರ್ಧ ದಾಟುತ್ತಿರಲಿಲ್ಲ. ಅಂಕೋಲಾದಿಂದ ವಾಪಸ್ ಬರುವಾಗ ಮಾತ್ರ, ಅರಬೈಲ್ ಘಾಟಿಯ ಏರು ಶುರುವಾಗಿ ಗಾಡಿ ಎರಡನೇ ಗೇರಿಗೆ ಬಂತೋ, ಮುಳ್ಳು ಕೆಂಪಿನ ಕಡೆ ಹೊರಡುತ್ತಿತ್ತು. ಗಾಡಿ ಬದಿಗೆ ಹಾಕಿ, ಬಾನೆಟ್ ಎತ್ತಿ, ತಣ್ಣಗಾಗುವವರೆಗೆ ಕೂತಿರಬೇಕು. ಅಲ್ಲಿ ಮಂಗಗಳನ್ನು ನೋಡುತ್ತಾ ಹೊತ್ತೇನೋ ಹೋಗುತ್ತದೆ. ಆದರೆ ಕಾಯಿ ವ್ಯಾಪಾರಿಯ ಫೋನ್ ನಿಲ್ಲುವುದಿಲ್ಲ.

ಗೊತ್ತಿದ್ದ ಡ್ರೈವರ್‌ಗಳೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬರು ನಾಲ್ಕು ಸಾಲು ಕೊಳವೆಯ ರೇಡಿಯೇಟರ್ (ಇಂಜಿನ್ನಿನ ಬಿಸಿನೀರನ್ನು ತಂಪು ಮಾಡುವ ಭಾಗ) ಹಾಕಿಸು ಅಂದರು. ಇನ್ನೊಬ್ಬರು, ಈಗೆಲ್ಲ ಅಲ್ಯೂಮಿನಿಯಂ ಕಾಲ, ತಾಮ್ರದ್ದು ಯಾಕೆ ಅಂದರು. ಗುಜರಿಯಲ್ಲಿ ಒಂದು ಹಳೆಯದು ತಂದುಬಿಡು, ಸುಮ್ನೆ ದುಡ್ಡು ಸುರೀಬೇಡ ಅಂತ ಅಣ್ಣನ ಸಲಹೆ. ಹಳೇ ಗಾಡಿಗೆ ಬೇರೆಯವರ ಹಳೇ ರೇಡಿಯೇಟರ್ ಹಾಕಿದರೆ ಅವರ ರೋಗವನ್ನು ನಾವು ತಂದಂತೆ ಅಲ್ವಾ? ಅದಕ್ಕೆ ನಾನು ಒಪ್ಪಲಿಲ್ಲ.

ಗಬ್ಬೂರು ಬೈಪಾಸ್ ಕಡೆ ರೇಡಿಯೇಟರ್ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಲಾರಿಯವರು, ಟ್ರ್ಯಾಕ್ಟರ್‌ನವರು ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ತಗಡಿನ ಶೆಡ್ಡು, ಮುಂದೊಂದು ಸಿಮೆಂಟ್ ತೊಟ್ಟಿ, ಗೋಡೆಗೆ ಒರಗಿಸಿದ, ರೇಡಿಯೇಟರಿನ ನಡುವಿನ ಕೊಳವೆ-ಜಾಲರಿಯ ಭಾಗವಾದ ಹಳೇ ಕೋರ್‌ಗಳು. ಗಾಡಿ ತೆಗೆದುಕೊಂಡು ಹೋಗಿ, "ಚಾಚಾ, ಇದಕ್ಕ ಯಾವ ರೇಡಿಯೇಟರ್ ಛಲೋ?" ಎಂದು ಕೇಳಿದೆ.

"ರೇಡಿಯೇಟರ್ ಕೆಟ್ಟೈತಿ ಅಂತ ನಿನಗ ಯಾರು ಹೇಳಿದ್ರು ತಮ್ಮಾ? ಮೊದಲ ಗಾಡಿ ನೋಡೂಣ ತಡಿ" ಎಂದರು.

ಅವರು ಕೇಳಿದ ಮೊದಲ ಪ್ರಶ್ನೆ, ನಿಂತಾಗ ಹೀಟ್ ಆಗುತ್ತದೋ, ಏರಿನಲ್ಲೋ ಅಂತ. ಇದು ಕೆಲಸಕ್ಕೆ ಬರುವ ಪ್ರಶ್ನೆ. ನಿಂತಾಗ ಅಥವಾ ಟ್ರಾಫಿಕ್ಕಿನಲ್ಲಿ ಹೀಟ್ ಆಗಿ, ರಸ್ತೆಯಲ್ಲಿ ಓಡುವಾಗ ಸರಿಹೋದರೆ ಗಾಳಿಯ ಕೊರತೆ. ಫ್ಯಾನು, ಬೆಲ್ಟು, ಫ್ಯಾನಿನ ಸುತ್ತಲ ಕವರು ನೋಡಬೇಕು. ನಿಂತಾಗ ಸರಿಯಿದ್ದು ಲೋಡ್ ಮೇಲೆ ಏರು ಹತ್ತುವಾಗ ಹೀಟ್ ಆದರೆ ನೀರು ಸಾಕಷ್ಟು ಹರಿಯುತ್ತಿಲ್ಲ, ಇಲ್ಲಾ ಕೋರ್ ಶಾಖ ಬಿಡುತ್ತಿಲ್ಲ. ನಮ್ಮದು ಎರಡನೇ ಜಾತಿ. ಅಷ್ಟಾದರೂ ಅವರು ಬಾಯಿಮಾತಿಗೆ ಬಿಡಲಿಲ್ಲ. ಇಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿಸಿ, ನೀರಿನಲ್ಲಿ ಗುಳ್ಳೆ ಬರುತ್ತದೆಯೇ ನೋಡಿದರು. ಒಂದೇ ಸಮನೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ ಅಂತ ಅರ್ಥ. ಆಗ ಯಾವ ರೇಡಿಯೇಟರ್ ಹಾಕಿದರೂ ದುಡ್ಡು ನೀರಿಗೇ. ಗುಳ್ಳೆ ಬರಲಿಲ್ಲ. ವಾಟರ್ ಬಾಡಿಯ (ನೀರು ಸುತ್ತಿಸುವ ಪಂಪಿನ) ಕೆಳಗಿನ ಸಣ್ಣ ತೂತಿನಲ್ಲಿ ನೀರು ಜಿನುಗಿದ ಗುರುತಿಲ್ಲ. ಬೆಲ್ಟು ಬಿಗಿ ಇತ್ತು.

ಆಮೇಲೆ ಗಾಡಿ ಬಿಸಿ ಮಾಡಿ, ಇಂಜಿನ್ ನಿಲ್ಲಿಸಿ, ಕೋರಿನ ಮೇಲೆ ಅಂಗೈ ಆಡಿಸಿದರು. ನನಗೂ ಆಡಿಸಲು ಹೇಳಿದರು. ಮಧ್ಯಭಾಗ ಕೈ ಸುಡುವಷ್ಟು ಬಿಸಿ. ಎಡಕ್ಕೆ ಬಂದರೆ ಮೇಲಿಂದ ಕೆಳಗೆ ಒಂದು ಗೇಣು ಅಗಲದ ಪಟ್ಟಿ ಬರೀ ಬೆಚ್ಚಗೆ. ಬಲತುದಿಯಲ್ಲೂ ಹಾಗೇ. ಅಂದರೆ ಅಲ್ಲಿನ ಕೊಳವೆಗಳಲ್ಲಿ ಬಿಸಿನೀರು ಇಳಿಯುತ್ತಲೇ ಇಲ್ಲ. ಎಪಿಎಂಸಿಯಲ್ಲಿ ನಿಂತ ಗಾಡಿಗೆ ಉಳಿದ ಭಾಗ ಸಾಕು. ಘಾಟಿಗೆ ಸಾಲದು.

ರೇಡಿಯೇಟರ್ ಇಳಿಸಿ, ಗ್ಯಾಸ್ ಟಾರ್ಚಿನಿಂದ ಬೆಸುಗೆ ಕರಗಿಸಿ, ಮೇಲಿನ ಹಿತ್ತಾಳೆ ಟ್ಯಾಂಕ್ ಬಿಚ್ಚಿದರು. ಒಳಗೆ ಕೊಳವೆಗಳ ಬಾಯಿ ಸಾಲುಸಾಲಾಗಿ ಕಾಣಬೇಕಿತ್ತು. ಸಪೂರ, ಚಪ್ಪಟೆ ಸೀಳುಗಳು. ಮಧ್ಯದವು ಕಂಡವು. ಎರಡೂ ಬದಿಯವು ಬಿಳಿ ಗಾರೆಯಲ್ಲಿ ಮುಚ್ಚಿಹೋಗಿದ್ದವು. ಆ ಗಾರೆಯ ಮೇಲೆ ಹಳದಿ ಅಂಟು. ಚಾಚಾ ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದು ಮೂಸಿ ನೋಡಿ ನಕ್ಕರು. "ಅರಿಶಿಣ!" ಸೋರುವ ರೇಡಿಯೇಟರಿಗೆ ಅರಿಶಿಣ ಪುಡಿ ಹಾಕುವುದು ನಮ್ಮ ಡ್ರೈವರ್‌ಗಳ ಹಳೇ ಉಪಾಯ. ದಾರಿ ಮಧ್ಯೆ ಸಿಕ್ಕಿಬಿದ್ದಾಗ ಮನೆ ಮುಟ್ಟಿಸುತ್ತದೆ, ನಿಜ. ಮುಟ್ಟಿದ ಮೇಲೆ ತೊಳೆಯಬೇಕು. ನಮಗಿಂತ ಮೊದಲಿದ್ದ ಮಾಲೀಕರು ತೊಳೆದಂತಿಲ್ಲ.

ಬಿಳಿ ಗಾರೆ ಮಾತ್ರ ಬೋರ್ ನೀರಿನ ಕೊಡುಗೆ. ಗದಗ ಕಡೆಯ ಬೋರ್ ನೀರು ಎಷ್ಟು ಸವಳು ಅಂತ ಅಲ್ಲಿನವರಿಗೆ ಹೇಳಬೇಕಿಲ್ಲ. ಆ ನೀರಿನಲ್ಲಿರುವ ಸುಣ್ಣದ ಅಂಶ ಬಿಸಿಯಾದಾಗ ಲೋಹಕ್ಕೆ ಹತ್ತಿಕೊಳ್ಳುತ್ತದೆ. ಹಾದಿಯಲ್ಲಿ ನೀರು ಕಡಿಮೆಯಾದಾಗಲೆಲ್ಲ ಯಾವುದೋ ಹೊಲದ ಬೋರಿನಿಂದ ಕ್ಯಾನು ತುಂಬಿ ಸುರಿದರೆ, ವರ್ಷಗಟ್ಟಲೆ ಪದರದ ಮೇಲೆ ಪದರ ಕೂಡುತ್ತದೆ. ತೆಳ್ಳಗಿನ ಪದರ ಸಾಕು, ಶಾಖ ಹೊರಗೆ ದಾಟುವುದು ಕಡಿಮೆಯಾಗುತ್ತದೆ.

ಕಡ್ಡಿ ಹಾಕಿ ಕೊಳವೆ ತೆಗೆಯಬಹುದಲ್ಲ ಎಂದು ಕೇಳಿದೆ. ತೆಳ್ಳಗಿನ ಸ್ಟೀಲ್ ಪಟ್ಟಿಯನ್ನು ಒಂದೊಂದೇ ಕೊಳವೆಯಲ್ಲಿ ಇಳಿಸಿ ಕೆರೆಯುವ ಕೆಲಸ ಅದು. ಕಡಿಮೆ ಖರ್ಚಿನ ದಾರಿ. ಚಾಚಾ ಮಾತಾಡದೆ ಕೋರಿನ ಹೊರಮೈ ಮೇಲೆ ಉಗುರು ಎಳೆದರು. ಫಿನ್‌ಗಳು (ಕೊಳವೆಗಳ ನಡುವಿನ ತೆಳು ತಗಡಿನ ಹಾಳೆಗಳು) ಪುಡಿಪುಡಿಯಾಗಿ ಉದುರಿದವು. ತಾಮ್ರದ ಫಿನ್ ಕೊಳವೆಗೆ ಬೆಸುಗೆಯಲ್ಲಿ ಅಂಟಿಕೊಂಡಿರಬೇಕು. ಅಂಟು ಬಿಟ್ಟರೆ ಫಿನ್ ಅಲ್ಲಿದ್ದೂ ಇಲ್ಲದ ಹಾಗೆ. ಕೊಳವೆಯ ಶಾಖ ಅದಕ್ಕೆ ದಾಟುವುದಿಲ್ಲ. ಒಳಗೆ ಎಷ್ಟು ಕೆರೆದರೂ ಈ ಕೋರ್ ಮುಗಿದ ಕಥೆ.

ಅಲ್ಲಿಗೆ ಎರಡು ದಾರಿ ಉಳಿದವು. ಅಂಗಡಿಯಿಂದ ಹೊಸ ಅಲ್ಯೂಮಿನಿಯಂ ರೇಡಿಯೇಟರ್ ತರುವುದು. ಇಲ್ಲವೇ ನಮ್ಮದೇ ಹಿತ್ತಾಳೆ ಟ್ಯಾಂಕ್‌ಗಳಿಗೆ ಹೊಸ ತಾಮ್ರದ ಕೋರ್ ಕೂರಿಸುವುದು.

ಚಾಚಾ ತಮ್ಮ ಕೆಲಸ ಬಿಟ್ಟುಹೋಗುತ್ತದೆ ಅಂತ ನನ್ನನ್ನು ಹಿಡಿದಿಡಲಿಲ್ಲ. "ಅಂಗಡಿಗೆ ಹೋಗಿ ನೋಡ್ಕೊಂಡ ಬಾ. ಅಳತಿ ತೊಗೊಂಡ ಹೋಗು" ಎಂದು ಟೇಪು ಕೈಗೆ ಕೊಟ್ಟರು. ಕೋರಿನ ಎತ್ತರ, ಅಗಲ, ದಪ್ಪ. ಮೇಲಿನ ಮತ್ತು ಕೆಳಗಿನ ಹೋಸ್ ಬಾಯಿಗಳು ಯಾವ ಬದಿಗಿವೆ, ಎಷ್ಟು ದಪ್ಪ. ಬೋಲ್ಟ್ ತೂತುಗಳ ನಡುವಿನ ಅಂತರ. ಗಾಡಿಯ ಮೇಲೆ ಹೋಗಿ ಕೋರಿಗೂ ಫ್ಯಾನಿನ ರೆಕ್ಕೆಗೂ ಎಷ್ಟು ಜಾಗ ಇದೆ ಅನ್ನೋದನ್ನೂ ಅಳೆಸಿದರು. ಎಲ್ಲವನ್ನೂ ಫೋಟೊ ಸಮೇತ ಫೋನಿನಲ್ಲಿ ಇಟ್ಟುಕೊಂಡೆ. ನಿಮ್ಮದು ಯಾವುದೇ ಹಳೇ ಪಿಕಪ್ ಇರಲಿ, ಈ ಅಳತೆ ಇಲ್ಲದೆ ಅಂಗಡಿ ಮೆಟ್ಟಿಲು ಹತ್ತಬೇಡಿ.

ಯಾಕೆ ಅನ್ನುವುದು ಮೊದಲ ಕೌಂಟರಿನಲ್ಲೇ ಗೊತ್ತಾಯಿತು. "ಯಾವ ಗಾಡೀರಿ?" "207 ಡಿಐ." "ಎಲ್ಲಾ 207ಕ್ಕೂ ಇದ ಬರ್ತೈತ್ರಿ" ಎಂದು ಒಂದು ಡಬ್ಬಿ ಮುಂದಿಟ್ಟರು. ತೆಗೆಸಿ ಅಳೆದರೆ ಕೆಳಗಿನ ಹೋಸ್ ಬಾಯಿ ನಮ್ಮದಕ್ಕೆ ಎದುರು ಬದಿಗೆ. "ಹೋಸ್ ಉದ್ದಂದು ಹಾಕಿ ತಿರುವ್ರಿ, ಕೂಡ್ತೈತಿ" ಎಂದರು ಅಂಗಡಿಯವರು. ಹಾಗೆ ತಿರುವಿದ ಹೋಸ್ ಒಳಕ್ಕೆ ಹೀರಿಕೊಂಡು ಚಪ್ಪಟೆಯಾದರೆ ನೀರಿನ ದಾರಿಯೇ ಬಂದ್. ಒಂದೇ ಹೆಸರಿನ ಗಾಡಿಗೂ ವರ್ಷ ಬದಲಾದಂತೆ ಬ್ರ್ಯಾಕೆಟ್ಟು, ಹೋಸು, ಕೋರಿನ ದಪ್ಪ ಬದಲಾಗಿರುತ್ತವೆ. ಕೌಂಟರಿನವರಿಗೆ ಮಾಲು ಖಾಲಿಯಾಗಬೇಕು, ನಮಗೆ ಗಾಡಿ ಘಾಟಿ ಹತ್ತಬೇಕು.

ಬೇರೆ ಅಂಗಡಿಗಳಲ್ಲಿ ಅಳತೆಗೆ ಹತ್ತಿರದ್ದು ಸಿಕ್ಕಿತು. ವಡೋದರಾದ ಬ್ಯಾಂಕೊದಂಥ ಹಳೇ ಕಂಪನಿಗಳ ಮಾಲೂ ಇದೆ, ಹೆಸರಿಲ್ಲದ ಡಬ್ಬಿಯ ಮಾಲೂ ಇದೆ. ಅಲ್ಯೂಮಿನಿಯಂ ಕೋರ್, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕ್, ನಡುವೆ ರಬ್ಬರ್ ಪಟ್ಟಿ, ಸುತ್ತಲೂ ಅಲ್ಯೂಮಿನಿಯಂ ಹಲ್ಲುಗಳನ್ನು ಮಡಚಿ ಹಿಡಿದಿರುತ್ತಾರೆ. ಒಂದೇ ಕೈಯಲ್ಲಿ ಎತ್ತಬಹುದು. ರೇಟು ಆಗ ಐದು ಸಾವಿರದ ಆಸುಪಾಸು ಇತ್ತು. ಚಾಚಾ ಹೇಳಿದ ತಾಮ್ರದ ಕೋರಿಗೆ ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ ಬೀಳುತ್ತಿತ್ತು. ಅಲ್ಯೂಮಿನಿಯಂಗಿಂತ ತಾಮ್ರದ ಬೆಲೆ ಮೂರು ಪಟ್ಟಿನ ಮೇಲಿರುವಾಗ ಇದು ಸಹಜವೇ.

ಅಲ್ಯೂಮಿನಿಯಂ ಅಂದರೆ ಕಳಪೆ ಅಂತ ನಾನು ಹೇಳುವುದಿಲ್ಲ. ಶಾಖ ಸಾಗಿಸುವುದರಲ್ಲಿ ತಾಮ್ರ ಮುಂದು ಅನ್ನುವುದು ನಿಜ. ಶಾಖವಾಹಕತೆಯಲ್ಲಿ (ವ್ಯಾಟ್/ಮೀಟರ್-ಕೆಲ್ವಿನ್ ಲೆಕ್ಕ) ತಾಮ್ರದ ಅಂಕಿ ಸುಮಾರು 400 ಆದರೆ ಅಲ್ಯೂಮಿನಿಯಂನದು 237. ಆದರೆ ನಮ್ಮ ಹಳೇ ರೇಡಿಯೇಟರಿನಲ್ಲಿ ತಾಮ್ರ ಇರೋದು ಫಿನ್‌ನಲ್ಲಿ ಮಾತ್ರ. ಕೊಳವೆ ಹಿತ್ತಾಳೆಯದು. ಹಿತ್ತಾಳೆಯ ಅಂಕಿ 120ರ ಸುತ್ತಮುತ್ತ. ಮೇಲೆ ಸೀಸ-ತವರದ ಬೆಸುಗೆ ಬೇರೆ ನಡುವೆ ಕೂತಿರುತ್ತದೆ. ಅಲ್ಯೂಮಿನಿಯಂನಲ್ಲಿ ಕೊಳವೆ ಅಗಲ ಮಾಡಬಹುದು, ಫಿನ್ನೂ ಕೊಳವೆಯೂ ಕುಲುಮೆಯಲ್ಲಿ ಒಂದಾಗಿ ಕೂಡಿರುತ್ತವೆ. ಹಾಗಾಗಿ ಚೆನ್ನಾಗಿ ಮಾಡಿದ ಅಲ್ಯೂಮಿನಿಯಂ ತಂಪಿನಲ್ಲಿ ಹಿಂದೆ ಬೀಳುವುದಿಲ್ಲ. ಹೊಸ ಗಾಡಿಗಳಿಗೆಲ್ಲ ಅದೇ ಬರುತ್ತದೆ. ನನಗೆ ಹೊಸ ಬೊಲೆರೊ ಇದ್ದಿದ್ದರೆ ಎರಡನೇ ಮಾತಿಲ್ಲದೆ ಅದನ್ನೇ ಹಾಕಿಸುತ್ತಿದ್ದೆ.

ನನ್ನನ್ನು ನಿಲ್ಲಿಸಿದ್ದು ಎರಡು ವಿಷಯ. ಒಂದು, ಹತ್ತಿ.

ಹತ್ತಿ ಸಾಗಿಸುವವರಿಗೆ ಗೊತ್ತು. ಜಿನ್ನಿಂಗ್ ಫ್ಯಾಕ್ಟರಿ ಅಂಗಳದಲ್ಲಿ ಅರಳೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಫ್ಯಾನು ಅದನ್ನು ಎಳೆದು ಕೋರಿನ ಮುಖಕ್ಕೆ ಹಚ್ಚುತ್ತದೆ. ಅದರ ಮೇಲೆ ಬ್ಯಾಡಗಿಯ ಖಾರದ ಧೂಳು, ಎಣ್ಣೆ ಜಿಡ್ಡು. ಮೂರೂ ಸೇರಿದರೆ ಕಂಬಳಿ ಹೊದಿಸಿದಂತೆ. ಅಂಗಡಿಯಲ್ಲಿ ನೋಡಿದ ಅಲ್ಯೂಮಿನಿಯಂ ಕೋರ್‌ಗಳಲ್ಲಿ ಫಿನ್‌ಗಳು ಬಹಳ ದಟ್ಟ, ಮೇಲೆ ಸಣ್ಣ ಸಣ್ಣ ಸೀಳು ಬೇರೆ. ಕಾರಿಗೆ ಅದು ಒಳ್ಳೇದೇ, ಗಾಳಿಗೆ ಸಿಗುವ ಮೈ ಹೆಚ್ಚುತ್ತದೆ. ಅರಳೆಗೂ ಹಿಡಿದುಕೊಳ್ಳಲು ಅನುಕೂಲ. ಟ್ರ್ಯಾಕ್ಟರ್, ರಾಶಿ ಮಷಿನ್‌ಗಳಿಗೆ ಫಿನ್ ಅಗಲ ಬಿಟ್ಟು ಮಾಡುವುದು ಇದಕ್ಕೇ. ಚಾಚಾ ತರಿಸುವ ಕೋರಿನಲ್ಲಿ ಇಂಚಿಗೆ ಎಷ್ಟು ಫಿನ್ ಬೇಕು ಅಂತ ನಾವೇ ಹೇಳಬಹುದು. ನಾನು ಹತ್ತು ಸಾಕು ಎಂದೆ.

ಎರಡನೆಯದು ರಿಪೇರಿ. ಪ್ಲಾಸ್ಟಿಕ್ ಟ್ಯಾಂಕ್ ವರ್ಷಗಳ ಬಿಸಿಗೆ ಗಡಸಾಗಿ ಕೊನೆಗೆ ಸೀಳುತ್ತದೆ. ಸೀಳಿದರೆ ದಾರಿಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಹಿತ್ತಾಳೆ ಟ್ಯಾಂಕ್ ಸೋರಿದರೆ ಯಲ್ಲಾಪುರದಲ್ಲೂ ಬೆಸುಗೆ ಹಾಕುವವರು ಸಿಗುತ್ತಾರೆ, ಕಲಘಟಗಿಯಲ್ಲೂ ಸಿಗುತ್ತಾರೆ. ಕೊಳವೆ ಕಟ್ಟಿದರೆ ಟ್ಯಾಂಕ್ ಬಿಚ್ಚಿ ಕಡ್ಡಿ ಹಾಕಬಹುದು. ಅಲ್ಯೂಮಿನಿಯಂಗೆ ಬೋರ್ ನೀರು ಇನ್ನೂ ಕೇಡು. ಸವಳು ನೀರಿನಲ್ಲಿ ಅದು ಒಳಗಿನಿಂದ ಸೂಜಿ ಮೊನೆಯಷ್ಟು ತೂತು ಬೀಳುತ್ತದೆ. ಸರಿಯಾದ ಕೂಲಂಟ್ ಬಿಟ್ಟು ಬೇರೇನೂ ಹಾಕಲ್ಲ ಅನ್ನುವವರಿಗೆ ಈ ಭಯ ಇಲ್ಲ. ನಮ್ಮ ಗಾಡಿಯನ್ನು ಅಣ್ಣ, ನಾನು, ಸೀಜನ್ನಿನಲ್ಲಿ ಬದಲಿ ಡ್ರೈವರ್ ಎಲ್ಲರೂ ಓಡಿಸುತ್ತೇವೆ. ಯಾರೂ ಎಲ್ಲೂ ಬೋರ್ ನೀರು ಹಾಕುವುದಿಲ್ಲ ಅಂತ ನಾನು ಗ್ಯಾರಂಟಿ ಕೊಡಲಾರೆ.

ಕೋರ್ ಹಾಕಿಸುವುದು ಅಂತ ಆಯಿತು. ಮುಂದಿನ ವಾದ ಸಾಲಿನದು. ಹಳೆಯದು ಮೂರು ಸಾಲು ಕೊಳವೆಯದು. ನಾಲ್ಕು ಸಾಲಿಗೆ ಸ್ವಲ್ಪವೇ ಜಾಸ್ತಿ ದುಡ್ಡು, ಹಾಕಿಸಿಬಿಡು ಅಂತ ಅಣ್ಣ. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುವಾಗ ಮೂರು ಸಾಲು ದಾಟುವಷ್ಟರಲ್ಲಿ ಅದೇ ಬಿಸಿಯಾಗಿರುತ್ತದೆ. ನಾಲ್ಕನೇ ಸಾಲಿಗೆ ಸಿಗೋದು ಬಿಸಿಗಾಳಿ. ಕೋರ್ ದಪ್ಪವಾದಷ್ಟೂ ಗಾಳಿ ಎಳೆಯಲು ಫ್ಯಾನಿಗೆ ಕಷ್ಟ. ನಮ್ಮಲ್ಲಿ ಫ್ಯಾನಿನ ರೆಕ್ಕೆಗೆ ಉಳಿದ ಜಾಗವೂ ಅಷ್ಟಕ್ಕಷ್ಟೇ. ಚಾಚಾ ಅಣ್ಣನಿಗೆ ಹೇಳಿದ್ದು ಒಂದೇ ಮಾತು: "ಕಂಪನಿಯವರು ಮೂರು ಸಾಲಿನ್ಯಾಗ ಘಾಟಿ ಹತ್ತಿಸ್ಯಾರ. ನಿಮ್ಮದು ಅರ್ಧಾ ಮುಚ್ಚಿತ್ತು, ಅದಕ್ಕ ಹತ್ತಲಿಲ್ಲ."

ಕೋರ್ ಬಂದ ದಿನ ಅಲ್ಲೇ ಕೂತು ನೋಡಿದೆ. ಹಳೇ ಟ್ಯಾಂಕ್‌ಗಳನ್ನು ಆ್ಯಸಿಡ್ ನೀರಿನಲ್ಲಿ ಅದ್ದಿ, ಬ್ರಷ್ ಹಾಕಿ ಉಜ್ಜಿ, ಚಿನ್ನದ ಬಣ್ಣ ಬರುವವರೆಗೆ ಬಿಡಲಿಲ್ಲ. ಜಿಡ್ಡು ಉಳಿದರೆ ಬೆಸುಗೆ ಹಿಡಿಯುವುದಿಲ್ಲವಂತೆ. ಟಾರ್ಚಿನ ಜ್ವಾಲೆಯನ್ನು ಒಂದು ಜಾಗದಲ್ಲಿ ನಿಲ್ಲಿಸದೆ ಸರಿಸುತ್ತಾ, ಬೆಸುಗೆ ಕಡ್ಡಿಯನ್ನು ಹಿಂದಿನಿಂದ ತಾಗಿಸುತ್ತಾ ಅಂಚು ಸುತ್ತಿದರು. ಕರಗಿದ ಬೆಸುಗೆ ಬೆಳ್ಳಿಗೆರೆಯಂತೆ ಸಂದಿಗೆ ಇಳಿದು ತಕ್ಷಣ ಮಂಕಾಗುತ್ತಿತ್ತು. ಎಲ್ಲ ಬಾಯಿಗಳಿಗೂ ಬಿರಡೆ ಜಡಿದು, ಗಾಳಿ ತುಂಬಿ, ತೊಟ್ಟಿಯಲ್ಲಿ ಮುಳುಗಿಸಿದರು. ಕೆಳಗಿನ ಟ್ಯಾಂಕಿನ ಒಂದು ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಮೇಲೆ ಬಂದವು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒರೆಸಿ, ಮತ್ತೆ ಬೆಸುಗೆ. ಮತ್ತೆ ತೊಟ್ಟಿ. ನೀವು ಎಲ್ಲೇ ಮಾಡಿಸಿ, ಈ ನೀರಿನ ಟೆಸ್ಟ್ ಕಣ್ಣಾರೆ ನೋಡಿ.

ಸಣ್ಣ ಸಾಮಾನುಗಳ ಮೇಲೆ ಚಾಚಾ ಹಟ ಜಾಸ್ತಿ. ಮುಚ್ಚಳ ಹೊಸದೇ ಬೇಕು, ಅದೂ ಹಳೆಯದರ ಮೇಲೆ ಅಚ್ಚಾದ ಅಂಕಿಯದ್ದೇ. ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಡುತ್ತದೆ. ಹೊರಗಿನ ಗಾಳಿಗಿಂತ ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ನೀರು ಕುದಿಯೋದು 100ಕ್ಕಲ್ಲ, ಸುಮಾರು 120 ಡಿಗ್ರಿಗೆ. ಸ್ಪ್ರಿಂಗ್ ಸೋತರೆ ಘಾಟಿಯಲ್ಲಿ ನೀರು ಬೇಗ ಕುದಿದು ಹೊರಗೆ ಬರುತ್ತದೆ. ಹಾಗಂತ ಹೆಚ್ಚಿನ ಅಂಕಿಯದ್ದು ಹಾಕಿದರೆ ಹಳೇ ಟ್ಯಾಂಕಿನ ಬೆಸುಗೆಯೇ ಬಾಯಿಬಿಡುತ್ತದೆ.

ತರ್ಮೋಸ್ಟಾಟ್ ವಾಲ್ವ್ ಇರಬೇಕಾದ ಜಾಗ ಖಾಲಿ ಇತ್ತು. ಇದೂ ಹಿಂದಿನವರ ಕೆಲಸ. ನಮ್ಮ ಕಡೆ ಹೀಟ್ ಅಂದರೆ ಮೊದಲು ಕಿತ್ತೊಗೆಯೋದು ಅದನ್ನೇ. ಬಹಳ ಡೀಸೆಲ್ ಇಂಜಿನ್‌ಗಳಲ್ಲಿ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತಲು ಒಂದು ಅಡ್ಡದಾರಿ ಇರುತ್ತದೆ. ವಾಲ್ವ್ ಬಿಸಿಗೆ ತೆರೆದಾಗ ಆ ಅಡ್ಡದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್. ಏರಿನಲ್ಲಿ ಹೀಟ್ ಇನ್ನೂ ಹೆಚ್ಚು, ಬೆಳಗಿನ ಚಳಿಯಲ್ಲಿ ಇಂಜಿನ್ ಬೆಚ್ಚಗಾಗದೆ ಡೀಸೆಲ್ ದಂಡ. ಹೊಸದನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ, ಬಾಯಿ ತೆರೆಯೋದನ್ನು ನೋಡಿಯೇ ಹಾಕಿದೆವು. ಫ್ಯಾನಿನ ಕವರು ಕೆಳಗೆ ಒಡೆದಿತ್ತು. ಅದು ಇಲ್ಲದಿದ್ದರೆ ಫ್ಯಾನು ಎದುರಿಗಿರುವಷ್ಟು ಕೋರಿನಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳು ಸುಮ್ಮನೆ. ತಗಡು ಹಚ್ಚಿ ರಿವೆಟ್ ಹೊಡೆಸಿದೆ.

ನೀರು ತುಂಬುವ ಮುಂಚೆ ಇಂಜಿನ್ನಿನ ಒಳಗನ್ನೂ ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಇಲ್ಲದಿದ್ದರೆ ಬ್ಲಾಕಿನ ತುಕ್ಕು, ಉಳಿದ ಅರಿಶಿಣ ಎಲ್ಲ ಹೊಸ ಕೋರಿಗೆ ಬಂದು ಕೂರುತ್ತದೆ. ಆಮೇಲೆ ಕೂಲಂಟ್ ಮತ್ತು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸಮಸಮ. ಹುಬ್ಬಳ್ಳಿಯಲ್ಲಿ ಹಿಮ ಬೀಳುತ್ತಾ, ಕೂಲಂಟ್ ಯಾಕೆ ಅಂತ ಕೇಳುವವರಿದ್ದಾರೆ. ಹಿಮಕ್ಕಲ್ಲ, ತುಕ್ಕು ತಡೆಯೋಕೆ ಬೇಕು. ಸೀಟಿನ ಹಿಂದೆ ಅದೇ ಮಿಶ್ರಣದ ಐದು ಲೀಟರ್ ಕ್ಯಾನ್ ಇಟ್ಟಿದ್ದೇನೆ, ಬೋರ್ ಹುಡುಕುವ ಪ್ರಸಂಗ ಬರಬಾರದು ಅಂತ. ಹಳೇ ಕೋರ್ ತೂಕಕ್ಕೆ ಹಾಕಿದಾಗ ಬಂದ ದುಡ್ಡಿನಲ್ಲಿ ಕೂಲಂಟ್ ಖರ್ಚು ಕಳೆದು ಸ್ವಲ್ಪ ಉಳಿಯಿತು ಕೂಡ.

ತೆಂಗಿನಕಾಯಿ ಫುಲ್ ಲೋಡ್ ಹಾಕಿಕೊಂಡು ಅರಬೈಲ್ ಹತ್ತಿದೆ. ಮಧ್ಯಾಹ್ನದ ಬಿಸಿಲು, ಮುಂದೆ ಅದಿರಿನ ಲಾರಿ, ಬಹುಪಾಲು ಎರಡನೇ ಗೇರು. ಮುಳ್ಳು ಅರ್ಧ ದಾಟಿ ಒಂದು ಬೆರಳು ಮೇಲೆ ಹೋಯಿತು. ಅಲ್ಲೇ ನಿಂತಿತು. ಮೇಲೆ ಸಪಾಟು ಸಿಕ್ಕ ಮೇಲೆ ತಾನೇ ಇಳಿಯಿತು. ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಬಗ್ಗಿ ನೋಡಿದೆ. ಎಲ್ಲೂ ಹನಿ ಇಲ್ಲ.

ಹತ್ತಿ ಸೀಜನ್ ಮುಗಿದ ಮೇಲೆ ಕೋರ್ ತೊಳೆಯುವುದು ಈಗ ನನ್ನ ಕೆಲಸ. ಫ್ಯಾನಿನ ಕಡೆಯಿಂದ ಮುಂದಕ್ಕೆ, ಬರೀ ಪೈಪಿನ ನೀರಿನಲ್ಲಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹಿಡಿದರೆ ಫಿನ್ ಮಲಗಿಬಿಡುತ್ತವೆ. ಕೆಳಗಿನ ಹೋಸ್ ಒಂದು ಹಳೆಯದೇ ಇದೆ, ಅಮುಕಿದರೆ ಮೆತ್ತಗಾಗಿದೆ. ಮುಂದಿನ ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟಿಗೆ) ಮುಂಚೆ ಅದನ್ನೂ ಬದಲಿಸಬೇಕು. ಅಣ್ಣ ಮಾತ್ರ ಆಗಲೇ ಹೊಸ ಗಾಡಿಯ ಇಎಂಐ ಎಷ್ಟು ಬೀಳುತ್ತದೆ ಅಂತ ವಿಚಾರಿಸುತ್ತಿದ್ದಾನೆ.